ಬೆಳ್ಳಿ ಮೂಡಿದ ಗಡಿ

ನಮ್ಮ ಸೋಲದೇವನಹಳ್ಳಿಯ ಹಿರಿಯರಿಗೆ ಬೆಳ್ಳಿ ಮೂಡಿತೆಂದರೆ ಬೆಳಗಾಗುವ ಸೂಚನೆ. ಅದೇ ಬೆಳ್ಳಿ ಲಡಾಖಿನ ಗಡಿಯಲ್ಲಿ ಶತ್ರುವಿನ ಕಣ್ಣಾಗಿ ತೋರಿದ ಸಂಗತಿಯನ್ನು ಕೇಳುಗರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ಅಲ್ಲಿಯ ಬಾನಿನಲ್ಲಿ ಗುರುತು ಸಿಗದ ಬೆಳಕುಗಳು ಕಂಡುದನ್ನು ನಮ್ಮ ಸೈನಿಕರು 329 ಬಾರಿ ದಾಖಲಿಸಿದರು. ಚೀನಾದ ಬೇಹುಗಾರಿಕೆಯ ಡ್ರೋನುಗಳಿರಬಹುದೆಂಬ ಶಂಕೆ ಹುಟ್ಟಿತು. ಗಡಿಯಲ್ಲಿ ಇಂಥ ಶಂಕೆ ಗುಂಡಿನವರೆಗೂ ಹೋಗಬಲ್ಲದು. ಸೇನೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ನೆರವು ಪಡೆಯಿತು. ವಿಜ್ಞಾನಿಗಳು ಆ ಬೆಳಕುಗಳ ಚಲನೆಯನ್ನು ಸುತ್ತಲಿನ ನಕ್ಷತ್ರಗಳೊಡನೆ ಹೋಲಿಸಿ ನೋಡಿದರು. ಡ್ರೋನು ತನಗೆ ಬೇಕಾದತ್ತ ಹಾರೀತು. ಗ್ರಹವಾದರೋ ನಕ್ಷತ್ರಗಳ ಜೊತೆಯಲ್ಲೇ ಮೂಡಿ ಮುಳುಗುತ್ತದೆ. ಒಂದು ಗುರು, ಇನ್ನೊಂದು ಶುಕ್ರ, ಎಂದರೆ ನಮ್ಮ ಬೆಳ್ಳಿ!

ಸೈನಿಕರನ್ನು ನಗಬೇಕಾಗಿಲ್ಲ. ಕಂಡದ್ದನ್ನು ಬರೆದಿಡುವುದು, ತಿಳಿಯದ್ದನ್ನು ಬಲ್ಲವರಲ್ಲಿ ಕೇಳುವುದು: ಶಾಸ್ತ್ರ ಮೊದಲಾಗುವುದೇ ಅಲ್ಲಿಂದ.