ಜೆಥ್ರೊ ಬರ್ನ್ಸ್ ಅವರ ಕೊನೆಯ ಧ್ವನಿಮುದ್ರಣಗಳು

ಅಮೆರಿಕದ ಸ್ವಿಂಗ್ ಜಾಝ್ ಮ್ಯಾಂಡೋಲಿನ್ ವಾದಕ ಜೆಥ್ರೊ ಬರ್ನ್ಸ್ (ನಿಜನಾಮ ಕೆನೆತ್ ಬರ್ನ್ಸ್, 1920–1989) ತಮ್ಮ ಬದುಕಿನ ಕೊನೆಯ ವರ್ಷಗಳಲ್ಲಿ ಶಿಷ್ಯ ಡಾನ್ ಸ್ಟೀರ್ನ್‌ಬರ್ಗ್ ಅವರೊಡನೆ ನುಡಿಸಿದ ಧ್ವನಿಮುದ್ರಣಗಳು ಅವರು ತೀರಿಕೊಂಡ ಮೇಲೆ ‘ಸ್ವಿಂಗ್ ಲೋ, ಸ್ವೀಟ್ ಮ್ಯಾಂಡೋಲಿನ್’ (1995) ಮತ್ತು ‘ಬೈ ಬೈ ಬ್ಲೂಸ್’ (1997) ಎಂಬ ಎರಡು ಆಲ್ಬಮ್‌ಗಳಾಗಿ ಹೊರಬಂದವು.

ಸ್ವಿಂಗ್ ಎಂಬುದು 1930ರ ದಶಕದಲ್ಲಿ ನೃತ್ಯಕೂಟಗಳ ಆಶ್ರಯದಲ್ಲಿ ಬೆಳೆದ ಜಾಝ್ ಪ್ರಕಾರವಾಗಿದ್ದು, ಒಂದು ಎಣಿಕೆಯೊಳಗಿನ ಎರಡು ಸ್ವರಗಳಲ್ಲಿ ಮೊದಲನೆಯದನ್ನು ತುಸು ಎಳೆದು ಎರಡನೆಯದನ್ನು ಮೊಟಕುಗೊಳಿಸುವುದರಿಂದ ಹುಟ್ಟುವ ತೂಗಾಟವೇ ಅದರ ಗುರುತು. ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನಲ್ಲಿ ಯುರೋಪಿಯನ್ನರೂ ಆಂಗ್ಲೋ ಇಂಡಿಯನ್ನರೂ ಕ್ಲಬ್ಬುಗಳಲ್ಲಿ ನಡೆಸುತ್ತಿದ್ದ ಕುಣಿತಗಳನ್ನು ನೆನೆದರೆ ಆ ಆಶ್ರಯದ ಬಗೆ ಕನ್ನಡ ಓದುಗರಿಗೆ ಹೊಳೆಯುತ್ತದೆ. ಇಂಥ ಸಂಗೀತದಲ್ಲಿ ಎಲ್ಲೆಡೆ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳದೇ ಮೇಲುಗೈ. ಎರಡೆರಡಾಗಿ ಜೋಡಿಸಿದ ಎಂಟು ತಂತಿಗಳಿದ್ದು, ಪಿಟೀಲಿನ ಶ್ರುತಿಕ್ರಮವನ್ನೇ ಅನುಸರಿಸುವ ಮ್ಯಾಂಡೋಲಿನ್ನಿನ ನಾದ ಮೀಟಿದೊಡನೆ ಅಡಗುವುದರಿಂದ ಅದು ಗುಂಪಿನಲ್ಲಿ ಕೇಳಿಸುವುದೇ ಕಷ್ಟ. ಕರ್ನಾಟಕ ಸಂಗೀತದಲ್ಲಿ ಯು. ಶ್ರೀನಿವಾಸ್ ಈ ಕೊರತೆಯನ್ನು ವಿದ್ಯುತ್ ಮ್ಯಾಂಡೋಲಿನ್ನಿನಿಂದ ನೀಗಿಸಿಕೊಂಡು ಗಮಕಗಳನ್ನು ಸಾಧಿಸಿದರೆ, ಬರ್ನ್ಸ್ ಹಿಡಿದದ್ದು ಸ್ವರಮೇಳದ ದಾರಿ: ಎಡಗೈಯ ಬೆರಳುಗಳು ಹಲವು ತಂತಿಗಳನ್ನು ಒಟ್ಟಿಗೆ ಒತ್ತಿರುವಾಗ ಬಲಗೈಯ ಪಿಕ್, ಅಂದರೆ ಮೀಟುವ ಪುಟ್ಟ ಬಿಲ್ಲೆ, ಮಂದ್ರದಿಂದ ಮೇಲಕ್ಕೆ ಸವರಿಕೊಂಡು ಹೋಗಿ ರಾಗಧಾಟಿಯ ಸ್ವರದ ಮೇಲೆ ನಿಲ್ಲುತ್ತದೆ.

ಇಷ್ಟು ನುರಿತ ಕೈಯನ್ನು ಲೋಕ ಬಹುಕಾಲ ನಗೆಗಾರನ ಕೈಯೆಂದೇ ತಿಳಿದಿತ್ತು. ಟೆನೆಸಿಯವರಾದ ಬರ್ನ್ಸ್, ಗಿಟಾರ್ ವಾದಕ ಹೆನ್ರಿ ಹೇನ್ಸ್ ಅವರೊಡನೆ ‘ಹೋಮರ್ ಅಂಡ್ ಜೆಥ್ರೊ’ ಎಂಬ ಜೋಡಿ ಕಟ್ಟಿ, ಜನಪ್ರಿಯ ಹಾಡುಗಳ ಅಣಕು ಹಾಡಿ, 1959ರಲ್ಲಿ ಹಾಸ್ಯ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಪಡೆದರು. ಅವರ ಅಪ್ಪಟ ವಾದ್ಯಸಂಗೀತದ ಆಲ್ಬಮ್‌ಗಳು ಈ ನಗೆಯ ಮರೆಯಲ್ಲಿ ಉಳಿದವು. 1971ರಲ್ಲಿ ಹೇನ್ಸ್ ನಿಧನರಾದ ಬಳಿಕ ಬರ್ನ್ಸ್ ಷಿಕಾಗೊ ಬಳಿಯ ಎವನ್‌ಸ್ಟನ್‌ನಲ್ಲಿ ಪಾಠ ಹೇಳುತ್ತ, ಟೈನಿ ಮೂರ್ ಅವರಂಥ ಮ್ಯಾಂಡೋಲಿನ್ ವಾದಕರೊಡನೆ ನುಡಿಸತೊಡಗಿದರು.

ಕೊನೆಯ ಧ್ವನಿಮುದ್ರಣಗಳ ಬೆಲೆ ಇರುವುದು ಇಲ್ಲಿ. ಅವುಗಳಲ್ಲಿ ಅಣಕಿಲ್ಲ, ಹಾಡಿನ ಹಂಗೂ ಇಲ್ಲ. ಹಳೆಯ ಜಾಝ್ ಗೀತೆಗಳ ಧಾಟಿಯನ್ನು ಮ್ಯಾಂಡೋಲಿನ್ನೇ ಮುಂದೆ ನಿಂತು ಬೆಳೆಸುತ್ತದೆ, ಗುರುವಿನ ನಡೆಯನ್ನು ಬಲ್ಲ ಶಿಷ್ಯ ಜೊತೆಗಿರುತ್ತಾನೆ. ಬರ್ನ್ಸ್ 1989ರ ಫೆಬ್ರವರಿ 4ರಂದು ಕ್ಯಾನ್ಸರಿನಿಂದ ನಿಧನರಾದರು. ಎರಡೂ ಆಲ್ಬಮ್‌ಗಳನ್ನು ಹೊರತಂದದ್ದು ಮತ್ತೊಬ್ಬ ಮ್ಯಾಂಡೋಲಿನ್ ವಾದಕ ಡೇವಿಡ್ ಗ್ರಿಸ್ಮನ್ ಅವರ ಅಕೂಸ್ಟಿಕ್ ಡಿಸ್ಕ್ ಸಂಸ್ಥೆ. 2001ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ನಲ್ಲಿ ಬರ್ನ್ಸ್ ಅವರ ಹೆಸರು ಸೇರಿದ್ದು ಮಾತ್ರ ಹಳೆಯ ಹಾಸ್ಯಜೋಡಿಯ ಅರ್ಧವಾಗಿ.