ಎಲ್ಲ ಆಟಕ್ಕೂ ಒಬ್ಬರೇ ಪಿ.ಡಿ. ಸರ್

ಕೊಡಗಿನ ಗಡಿಗೆ ತಾಗಿಕೊಂಡಿರುವ ಕಲ್ಲುಗುಂಡಿಯಿಂದ ಡಿಗ್ರಿಗೆ ಹೋಗಬೇಕಾದವರಿಗೆ ಒಂದು ಕಾಲದಲ್ಲಿ ಪುತ್ತೂರೋ ಮಡಿಕೇರಿಯೋ ಗತಿ. 1976ರಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಸುಳ್ಯದಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ತೆರೆದ ಮೇಲೆ ದಾರಿ ಹತ್ತಿರವಾಯಿತು. ಇಂಥ ಊರುಗಳಿಗೆ ಕಾಲೇಜು ಬಂದಾಗ ಜೊತೆಗೆ ಇನ್ನೊಬ್ಬರೂ ಬಂದರು: ದೈಹಿಕ ಶಿಕ್ಷಣ ನಿರ್ದೇಶಕರು, ಹುಡುಗರ ಬಾಯಲ್ಲಿ ‘ಪಿ.ಡಿ. ಸರ್’.

ಈ ವೃತ್ತಿಗೆ ನಮ್ಮಲ್ಲಿ ತಳಹದಿ ಬಿದ್ದದ್ದು 1920ರಲ್ಲಿ, ಮದರಾಸಿನಲ್ಲಿ ಹ್ಯಾರಿ ಬಕ್ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದಾಗ. ಬ್ಯಾಸ್ಕೆಟ್‌ಬಾಲ್ (1891), ವಾಲಿಬಾಲ್ (1895) ಎರಡನ್ನೂ ಹುಟ್ಟುಹಾಕಿದವರು ಅಮೆರಿಕದ ವೈಎಂಸಿಎ ಶಿಕ್ಷಕರೇ. ಒಬ್ಬರೇ ಹಲವು ಆಟ ಕಲಿಸುವುದು ಆ ಪರಂಪರೆಯ ಬಳುವಳಿ.

ನಮ್ಮ ಕಡೆ ಅದು ಅನಿವಾರ್ಯವೂ ಹೌದು. ಬೆಳಿಗ್ಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಕಬಡ್ಡಿ ಅಂಕಣಕ್ಕೆ ಸುಣ್ಣ ಹಾಕಿದವರೇ ಸಂಜೆ ಟೇಪು ಹಿಡಿದು ವಾಲಿಬಾಲ್ ನೆಟ್ಟನ್ನು ಹುಡುಗರಿಗೆ 2.43, ಹುಡುಗಿಯರಿಗೆ 2.24 ಮೀಟರಿಗೆ ಕಟ್ಟಬೇಕು. ಜೂನ್ ಬಂತೆಂದರೆ ಸುಣ್ಣವೂ ಇಲ್ಲ, ಅಂಕಣವೂ ಇಲ್ಲ, ಬರೀ ಕೆಸರು.

ಆದರೆ ಹತ್ತಾರು ಆಟ ಬಲ್ಲ ಕಣ್ಣಿಗೆ ಒಂದು ಲಾಭವಿದೆ. ಈ ಹುಡುಗನ ಮೈಕಟ್ಟು ಯಾವ ಆಟಕ್ಕೆ ಒಗ್ಗುತ್ತದೆ ಎಂಬುದು ಅದಕ್ಕೆ ಬೇಗ ಹೊಳೆಯುತ್ತದೆ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ ಮೊದಲು ಹಿಡಿದದ್ದು ಕುಸ್ತಿ. 2010ರಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ತರಬೇತುದಾರ ರಾಜೇಂದ್ರ ಪ್ರಸಾದ್ ಗುರುರಾಜರನ್ನು ಭಾರ ಎತ್ತುವಿಕೆಗೆ ತಿರುಗಿಸಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಅವರು 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. 2022ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ಕಂಚು. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿಯೂ ವಾಲಿಬಾಲ್, ಗುಂಡೆಸೆತ ಆಡಿಕೊಂಡೇ ಕಬಡ್ಡಿಗೆ ಬಂದವರು. 2010, 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿ ಅವರಿದ್ದರು. ಒಂದೇ ಆಟ ಕಲಿಸುವ ಅಕಾಡೆಮಿಯಲ್ಲಿ ಇಂಥ ತಿರುವು ಸುಲಭವಲ್ಲ.

ಯುಜಿಸಿ ಪಿ.ಡಿ. ಹುದ್ದೆಗೆ ಅಧ್ಯಾಪಕರ ಸಮಾನ ವೇತನ ಕೊಟ್ಟಿದೆ. ಅಧ್ಯಾಪಕರಿಗಿಲ್ಲದ ಪರೀಕ್ಷೆಯೊಂದನ್ನೂ ಇಟ್ಟಿದೆ: 30 ವರ್ಷದೊಳಗಿನ ಪುರುಷ ಅಭ್ಯರ್ಥಿ 12 ನಿಮಿಷದಲ್ಲಿ 1,800 ಮೀಟರ್ ಕ್ರಮಿಸಬೇಕು. ಇಷ್ಟು ಜರಡಿ ಹಿಡಿದು ಆರಿಸುವ ಹುದ್ದೆ ಕಾಲೇಜಿನಲ್ಲಿ ಖಾಲಿ ಬಿದ್ದರೆ, ಕೆಮಿಸ್ಟ್ರಿ ಲೆಕ್ಚರರ್ ಇಲ್ಲದಾಗ ಕೇಳುವಷ್ಟೇ ಜೋರಾಗಿ ಪೋಷಕರು ಅದನ್ನೂ ಕೇಳಬೇಕು.