ಜಮೆಯಿಂದ ಖರ್ಚಿಗೆ

ಕಸುಬು ಕಲಿಯಲು ಬಂದವನಿಗೆ ಯಜಮಾನನೇ ಹಣ ಕೊಡಬೇಕೆಂಬುದು ಎಲ್ಲ ಕಾಲದ ರೂಢಿಯಲ್ಲ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಸಲ ಹಣ ಕೊಡುತ್ತಿದ್ದವರು ಹುಡುಗನ ಮನೆಯವರು. 'ಪ್ರೀಮಿಯಂ' ಎಂಬ ಆ ಮೊತ್ತ ಯಜಮಾನನಿಗೆ ಜಮೆ. 1709ರ ಕಾಯ್ದೆ ಅದಕ್ಕೆ ತೆರಿಗೆ ಹಾಕಿತು: 50 ಪೌಂಡಿನವರೆಗೆ ಪೌಂಡಿಗೆ 6 ಪೆನ್ಸ್, ಅದನ್ನು ಮೀರಿದರೆ 1 ಶಿಲಿಂಗ್. ಆ ತೆರಿಗೆಯ ದಫ್ತರಗಳಿಂದಲೇ ಸಾವಿರಾರು ಹುಡುಗರ ಹೆಸರು ಇಂದಿಗೂ ಉಳಿದಿವೆ.

ಭಾರತದ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕೊಡುವವನು ಮಾಲೀಕ, ಅವನಿಗದು ಖರ್ಚು. ಆದರೆ ಅದರ ಹೆಸರು ಸಂಬಳವಲ್ಲ, ಸ್ಟೈಪೆಂಡ್. 18ನೇ ಸೆಕ್ಷನ್ ಪ್ರಕಾರ ಪಡೆಯುವವನು ಕಾರ್ಮಿಕನಲ್ಲ, ಬರೀ ಟ್ರೈನಿ. ಲೆಕ್ಕದ ಪುಸ್ತಕದಲ್ಲಿ ಎರಡೂ ಖರ್ಚಿನ ಬಾಬತ್ತೇ. ಸಂಬಳದ ಬೆನ್ನಿಗೆ ಪಿಎಫ್ ಬರುತ್ತದೆ, ಈ ಸ್ಟೈಪೆಂಡಿನ ಬೆನ್ನಿಗೆ ಬರುವುದಿಲ್ಲ. ದಿನವಿಡೀ ಅದೇ ಯಂತ್ರದ ಮುಂದೆ ನಿಂತವನಿಗೆ ವ್ಯತ್ಯಾಸ ತಿಳಿಯುವುದು ಅಲ್ಲೇ.